ನಾಲ್ಕು ಕೈಗಳ ಸ್ಟೀರಿಂಗ್

"ಅದನ್ನ ಕತ್ತರಿಸ್ಬೇಡಿ ಅಳಿಯಂದ್ರೆ!"

ಗ್ಯಾರೇಜಿನ ಗುಂಡಿಯೊಳಗೆ ನಿಂತಿದ್ದ ಅಳಿಯನಿಗೆ ಮಾವನ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು. ಅವನು ಕಟಿಂಗ್ ಪ್ಲೈಯರಿನ ಬಾಯನ್ನು ಆಗಲೇ ತೆರೆದಿದ್ದ. ತಲೆಯ ಮೇಲೆ ಬಿಳಿ ಪಿಕಪ್ಪಿನ ಹೊಟ್ಟೆ. ಮುಂದಿನ ಎರಡು ಚಕ್ರಗಳ ನಡುವೆ ಅಡ್ಡ ಹಾದುಹೋದ ದಪ್ಪ ಸರಳು. ಸರಳಿಗೆ ಬಿಗಿದ, ಕೋಳಿಮೊಟ್ಟೆ ಗಾತ್ರದ ಒಂದು ಗಂಟು. ಕಪ್ಪು ದಾರದ ಮೇಲೆ ಗ್ರೀಸು, ಗ್ರೀಸಿನ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಗ್ರೀಸು. ವರ್ಷಗಟ್ಟಲೆ ಯಾರೂ ಮುಟ್ಟಿರಲಿಲ್ಲ.

"ಯಾಕೆ ಮಾವ, ಕಚ್ಚುತ್ತಾ ಇದು?"

"ತಮಾಷೆ ಬೇಡ. ಅದು ಅಲ್ಲೇ ಇರ್ಲಿ. ಹೊಸ ಡ್ಯಾಂಪರ್ ಹಾಕಿ ಕಳಿಸ್ಬಿಡಿ. ಈ ಗಾಡಿ ಬಂದಾಗೆಲ್ಲ ನಾನು ಅಷ್ಟೇ ಮಾಡೋದು."

"ಅದಕ್ಕೇ ಮತ್ತೆ ಮತ್ತೆ ಬರ್ತಿದೆ."

ಆಚೆ ಮೂಲೆಯಲ್ಲಿ ವೆಲ್ಡರ್ ಮುಖವಾಡ ಮೇಲೆತ್ತಿ ನಕ್ಕ. "ಬಿಡಿ ಯಜಮಾನ್ರೆ. ನಿಮ್ಮ ಮಗಳ ಕೈಲಿ ದಿನಾ ಬೈಸ್ಕೊಳ್ಳೋ ಜೀವ, ದಾರಕ್ಕೆಲ್ಲ ಹೆದರುತ್ತಾ?"

ಅಳಿಯನಿಗೆ ಹೆದರಿಕೆಗಿಂತ ಬೇಸರವೇ ಹೆಚ್ಚಾಗಿತ್ತು. ದೊಡ್ಡ ವರ್ಕ್‌ಶಾಪೊಂದರಲ್ಲಿ ಏಳು ವರ್ಷ ಸ್ಟೀರಿಂಗ್ ಕೆಲಸವೊಂದನ್ನೇ ಮಾಡಿದವನು ಅವನು. ಹೆಂಡತಿಯ ಬಾಣಂತನಕ್ಕೆಂದು ಮಾವನ ಮನೆಗೆ ಬಂದು, ಮನೆಯ ಮುಂದೆಯೇ ಇದ್ದ ಗ್ಯಾರೇಜಿಗೆ ಇಳಿದು ಮೂರು ತಿಂಗಳಾಗಿತ್ತು. ಈ ಗಾಡಿಯ ಕಾಯಿಲೆ ಅವನಿಗೆ ಹೊಸದಲ್ಲ. ಭಾರ ಎಳೆಯುವ ಇಂಥ ಪಿಕಪ್ಪುಗಳಲ್ಲಿ ಮುಂದಿನ ಎರಡು ಚಕ್ರಕ್ಕೂ ಒಂದೇ ಆಕ್ಸಲ್. ಎಲ್ಲೋ ಒಂದು ಜಾಯಿಂಟ್ ಸವೆದರೆ ಸಾಕು, ವೇಗ ತೊಂಬತ್ತು ದಾಟಿದ ಮೇಲೆ ರಸ್ತೆಯ ಒಂದು ಸಣ್ಣ ಉಬ್ಬು ಚಕ್ರಗಳನ್ನು ಕೆರಳಿಸಿಬಿಡುತ್ತದೆ. ಸ್ಟೀರಿಂಗ್ ಹುಚ್ಚು ಹಿಡಿದಂತೆ ಎಡಕ್ಕೂ ಬಲಕ್ಕೂ ಬಡಿದುಕೊಳ್ಳುತ್ತದೆ. ಅದಕ್ಕೆ ಡ್ಯಾಂಪರ್, ಅಂದರೆ ನಡುಕ ತಡೆಯುವ ಕೊಳವೆ, ಹಾಕುವುದೆಂದರೆ ಚಳಿಜ್ವರ ಬಂದವನ ಕೈಯನ್ನು ಅದುಮಿ ಹಿಡಿದಂತೆ. ನಡುಕ ಕಾಣುವುದಿಲ್ಲ, ಜ್ವರ ಹಾಗೇ ಇರುತ್ತದೆ.

"ನಿಮ್ಮ ಕಾಲಿಗೆ ಬೀಳ್ತೀನಿ," ಅಂದರು ಮಾವ. ಅಳಿಯನಿಗೆ ಹಾಗೆ ಹೇಳುವ ಮನುಷ್ಯರಲ್ಲ ಅವರು.

ಕಟಕ್.

ಗಂಟು ಅವನ ಅಂಗೈಗೆ ಬಿತ್ತು. ನಿರೀಕ್ಷಿಸಿದ್ದಕ್ಕಿಂತ ಭಾರ, ನಿರೀಕ್ಷಿಸಿದ್ದಕ್ಕಿಂತ ಬೆಚ್ಚಗೆ. ಬಿಡಿಸಿದ. ಒಳಗೆ ಮನುಷ್ಯರ ಕೂದಲು, ಹತ್ತು ಉಗುರಿನ ಚೂರುಗಳು, ಮಡಚಿದ ತಾಮ್ರದ ತಗಡು. ತಗಡಿನ ಮೇಲೆ ಯಾರೋ ಮೊಳೆಯಲ್ಲಿ ಗೀಚಿದ್ದ ಒಂದು ವೃತ್ತ, ಅದನ್ನು ಹಿಡಿದ ಎರಡು ಕೈ. ಬೆಂಕಿಯೇ ಇಲ್ಲದ ಗುಂಡಿಯೊಳಗೆ ಸುಟ್ಟ ಕೂದಲಿನ ವಾಸನೆ ಎದ್ದಿತು.

"ಚಿತ್ರ ಚೆನ್ನಾಗಿದೆ," ಎಂದು ಅಳಿಯ ಎಲ್ಲವನ್ನೂ ಹಳೇ ಆಯಿಲ್ ಡಬ್ಬಕ್ಕೆ ಹಾಕಿದ.

ಮೇಲೆ ಬಂದು ನೋಡಿದರೆ ಮಾವ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು, ಕಣ್ಣು ಮುಚ್ಚಿ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕೈ ಹೊರತೆಗೆದು, ಬೆರಳು ಅಗಲಿಸಿ ನೋಡಿಕೊಂಡರು. ಬೆರಳುಗಳು ನೆಟ್ಟಗಿದ್ದವು. ಅವರ ಮುಖದಲ್ಲಿ ಮೂಡಿದ ನೆಮ್ಮದಿ ಅಳಿಯನಿಗೆ ಅರ್ಥವಾಗಲಿಲ್ಲ.

"ಟ್ರಯಲ್‌ಗೆ ನೀವು ಹೋಗ್ಬೇಡಿ."

"ಮತ್ತೆ ಯಾರು ಹೋಗ್ಬೇಕು? ನಿಮ್ಮ ದಾರನಾ?"

ಗಾಡಿ ಒಬ್ಬ ಜೇನು ಸಾಕುವವಳದು. ಗ್ಯಾರೇಜಿನಲ್ಲಿ ಎಲ್ಲರೂ ಅವಳನ್ನು ಜೇನಮ್ಮ ಅನ್ನುತ್ತಿದ್ದರು. ಹೂ ಬಿಟ್ಟ ಕಡೆಗೆ ಜೇನುಪೆಟ್ಟಿಗೆಗಳನ್ನು ಹೇರಿಕೊಂಡು ಹೋಗುವುದು, ಹೂ ಮುಗಿದ ಮೇಲೆ ಇನ್ನೊಂದು ಕಡೆಗೆ. ಮನೆಯಲ್ಲಿ ಬಿಟ್ಟುಬರಲು ಯಾರೂ ಇಲ್ಲದ್ದರಿಂದ ಎರಡು ಹೆಣ್ಣುಮಕ್ಕಳೂ ಅವಳ ಪಕ್ಕದ ಸೀಟಿನಲ್ಲೇ.

"ನೂರರ ಹತ್ರ ಹೋದ್ರೆ ಕೈಗೇ ಸಿಗಲ್ಲಪ್ಪ," ಎಂದಿದ್ದಳು ಗಾಡಿ ಬಿಡುವಾಗ. "ಮೊನ್ನೆ ದೊಡ್ಡವಳು ಪಕ್ಕದಿಂದ ಸ್ಟೀರಿಂಗ್ ಹಿಡ್ಕೊಂಡ್ಲು, ನಂಜೊತೆ. ಆಮೇಲೆ ಎರಡು ದಿನ ಮಾತೇ ಆಡ್ಲಿಲ್ಲ ಅದು."

ಆ ಮಾತು ಅಳಿಯನ ಮನಸ್ಸಿನಲ್ಲಿ ಕೂತಿತ್ತು. ಅಡ್ಡ ಸರಳಿನ ಬೋಲ್ಟ್ ಕೂರುವ, ಗಾಡಿಯ ಚೌಕಟ್ಟಿನ ತೂತು ಸವೆದು ಮೊಟ್ಟೆಯಾಕಾರವಾಗಿದ್ದನ್ನು ಅವನೇ ಬೆರಳು ಹಾಕಿ ಪತ್ತೆ ಮಾಡಿದ. ಹೊಸ ಸರಳು ತರಿಸಿದ. ತೂತಿಗೆ ವೆಲ್ಡರ್ ಕೈಲಿ ಲೋಹ ತುಂಬಿಸಿ ಮತ್ತೆ ಕೊರೆದ. ಬುಷ್, ಬಾಲ್ ಜಾಯಿಂಟ್, ಟೈರುಗಳ ಸಮತೂಕ, ಎಲ್ಲ ನೋಡಿದ. ಮರುದಿನ ಹನ್ನೆರಡರ ಹೊತ್ತಿಗೆ ಗಾಡಿ ನೆಲದ ಮೇಲೆ ನಿಂತಾಗ ಅದರಲ್ಲಿ ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ಅದನ್ನು ಅವನು ಪ್ರಮಾಣ ಮಾಡಿ ಹೇಳಬಲ್ಲವನಾಗಿದ್ದ.

ಹೈವೇ ಬಿಸಿಲಿಗೆ ಮಿನುಗುತ್ತಿತ್ತು. ಕ್ಯಾಬಿನ್ನಿನ ತುಂಬ ಮೇಣದ ವಾಸನೆ, ಬಿಸಿಯಾದ ರೆಕ್ಸಿನ್ ವಾಸನೆ. ಗಾಜಿನ ಕೆಳಗೆ ನಾಲ್ಕೈದು ಜೇನುಹುಳಗಳು ಸತ್ತು ಒಣಗಿ ಬಿದ್ದಿದ್ದವು. ಎಂಬತ್ತು. ತೊಂಬತ್ತು. ನೂರು. ಅಳಿಯ ಸ್ಟೀರಿಂಗ್ ಮೇಲೆ ಎರಡೇ ಬೆರಳು ಇಟ್ಟು, ಮಾವನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದ. ಮುಂದೆ ಸೇತುವೆ. ಸೇತುವೆ ಶುರುವಾಗುವಲ್ಲಿ ಒಂದು ಸಣ್ಣ ಉಬ್ಬು.

ಟಪ್.

ಮೊದಲು ಅಲುಗಿದ್ದು ಸತ್ತ ಹುಳಗಳು. ಗಾಜಿನ ಕೆಳಗೆ ಅವು ಎದ್ದೆದ್ದು ಕುಣಿದವು. ಗಾಡಿ ಇನ್ನೂ ನೆಟ್ಟಗೆ ಓಡುತ್ತಿತ್ತು. ಇದು ಸಾಧ್ಯವಿಲ್ಲ, ಅಂದುಕೊಂಡ. ಅಷ್ಟರಲ್ಲಿ ಸ್ಟೀರಿಂಗ್ ಅವನ ಎರಡು ಬೆರಳುಗಳನ್ನು ಒದರಿ ಬಿಸಾಡಿತು.

ಎಡಕ್ಕೆ. ಬಲಕ್ಕೆ. ಎಡಕ್ಕೆ. ಬಲಕ್ಕೆ. ಎರಡೂ ಕೈಯಲ್ಲಿ ಹಿಡಿದ. ಮೊಣಕೈ ಉಳುಕಿತು. ಹಲ್ಲು ಹಲ್ಲಿಗೆ ಬಡಿಯಿತು, ನಾಲಿಗೆ ಸಿಕ್ಕಿ ಬಾಯಲ್ಲಿ ರಕ್ತದ ರುಚಿ. ಕೆಳಗಿನಿಂದ ತಟತಟತಟ ಎಂಬ ಸದ್ದು, ಯಾರೋ ಒಳಗೆ ಸಿಕ್ಕಿಕೊಂಡು ನೆಲ ಬಡಿಯುತ್ತಿರುವಂತೆ. ಕನ್ನಡಿಯಲ್ಲಿ ರಸ್ತೆ ಕಾಣಲಿಲ್ಲ. ಎದುರಿನ ಗಾಜಿನಲ್ಲೂ ಕಾಣಲಿಲ್ಲ. ಎಲ್ಲ ಎರಡೆರಡು, ನಾಲ್ಕು ನಾಲ್ಕು. ಕಾಲು ಬ್ರೇಕನ್ನು ಹುಡುಕಿತು. ಸಿಗಲಿಲ್ಲ.

ಆಗ ಅವನ ಕೈಗಳ ಮೇಲೆ ಇನ್ನೆರಡು ಕೈಗಳು ಬಂದು ಕೂತವು.

ಕಾಣಲಿಲ್ಲ. ತೂಕವಿತ್ತು. ತಣ್ಣಗಿದ್ದವು. ಬೆವರಿದ್ದವು. ಅವನ ಬೆರಳುಗಳ ಮೇಲೆ ಬೆರಳಿಟ್ಟು ಸ್ಟೀರಿಂಗನ್ನು ಅಮುಕಿ ಹಿಡಿದಿದ್ದವು. ಕೇಡು ಮಾಡಲು ಬಂದ ಹಿಡಿತವಲ್ಲ ಅದು. ಬದುಕಬೇಕೆಂಬ ಹಿಡಿತ. ಕಿವಿಯ ಪಕ್ಕದಲ್ಲೇ ಯಾರದೋ ಏದುಸಿರು.

"ಬಿಡ್ಬೇಡ."

ಎದುರಿನಿಂದ ಲಾರಿಯ ಹಾರ್ನ್. ಸಿಕ್ಕಿತು ಬ್ರೇಕ್. ಒತ್ತಿದ. ಎಪ್ಪತ್ತು. ಲಾರಿ ಪಿಕಪ್ಪಿನ ಬದಿ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ಐವತ್ತು. ಸುಟ್ಟ ರಬ್ಬರ್. ಮೂವತ್ತು. ಗಾಡಿ ಮಣ್ಣಿಗಿಳಿಯಿತು. ನಿಂತಿತು.

ಎಂಜಿನ್ ಆರಿತು. ಹುಳಗಳು ಅಲುಗಾಡದೆ ಬಿದ್ದಿದ್ದವು. ಎಲ್ಲೋ ಒಂದು ಹಕ್ಕಿ ಕೂಗಿತು. ಸ್ಟೀರಿಂಗ್ ನಿಶ್ಚಲವಾಗಿತ್ತು.

ಅವನ ಕೈಗಳು ಮಾತ್ರ ನಿಂತಿರಲಿಲ್ಲ. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ತೊಡೆಯ ಕೆಳಗಿಟ್ಟುಕೊಂಡು ಕೂತ. ಸೀಟು ನಡುಗಿತು.

ಗಾಡಿಯನ್ನು ವಾಪಸು ತಂದವನು ವೆಲ್ಡರ್. "ನೂರಹತ್ತು ಹೊಡೆದೆ ಯಜಮಾನ್ರೆ. ಬೆಣ್ಣೆ ಸವರಿದ ಹಾಗೆ ಬಂತು. ಈ ಮಹಾರಾಯರಿಗೆ ಬಿಸಿಲು ತಾಗಿರಬೇಕು." ಯಾರೂ ನಗಲಿಲ್ಲ. ಅವನು ಸುಮ್ಮನೆ ಮುಖವಾಡ ಇಳಿಸಿಕೊಂಡ.

ಸಂಜೆಯ ಹೊತ್ತಿಗೆ ಕೈಗಳ ನಡುಕ ನಿಂತೀತು ಅಂದುಕೊಂಡ ಅಳಿಯ. ನಿಲ್ಲಲಿಲ್ಲ. ನೀರಿನ ಲೋಟ ಬಾಯಿಗೆ ಬರುವಷ್ಟರಲ್ಲಿ ಅಂಗಿಯೆಲ್ಲ ಒದ್ದೆ. ಮರುದಿನ ಬೆಳಗ್ಗೆ ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ ಮಗು ಅತ್ತಿತು. ಎರಡು ತಿಂಗಳ ಹೆಣ್ಣು ಕೂಸು. ದಿನಾ ಬೆಳಗ್ಗೆ ಅದನ್ನು ಎತ್ತಿಕೊಂಡು ಗ್ಯಾರೇಜಿನ ಬಾಗಿಲವರೆಗೆ ಒಂದು ಸುತ್ತು ಹಾಕುವುದು ಅವನ ರೂಢಿ. ಅಭ್ಯಾಸಬಲದಿಂದ ಎತ್ತಿದ. ಮಗುವಿನ ಕತ್ತು ಎಡಕ್ಕೂ ಬಲಕ್ಕೂ ಬಡಿದಾಡಿತು. ಅಳು ತುಂಡು ತುಂಡಾಯಿತು. ಆಮೇಲೆ ಅಳುವೇ ನಿಂತುಹೋಗಿ, ಬಾಯಿ ಮಾತ್ರ ತೆರೆದಿತ್ತು.

ಒದ್ದೆ ಕೂದಲಲ್ಲೇ ಓಡಿಬಂದ ಹೆಂಡತಿ ಮಗುವನ್ನು ಕಿತ್ತುಕೊಂಡಳು. ಮಗುವಿಗೆ ಉಸಿರು ಬಂತು, ಅಳು ಬಂತು. ಅವಳು ನೋಡುತ್ತಿದ್ದುದು ಗಂಡನ ಕೈಗಳನ್ನು.

"ಅಪ್ಪಾ," ಎಂದು ಕೂಗಿದಳು. "ಇದು ನಿನ್ನ ಕೈ."

ಮಾವ ಹೊಸ್ತಿಲಲ್ಲಿ ನಿಂತಿದ್ದರು.

"ನಾನು ಆರನೇ ಕ್ಲಾಸಲ್ಲಿದ್ದೆ," ಅಂದಳು ಅವಳು, ಗಂಡನ ಕಡೆ ತಿರುಗಿ. "ಎರಡು ವರ್ಷ ಅಪ್ಪನಿಗೆ ನಾನೇ ಸ್ಪೂನಲ್ಲಿ ಊಟ ಮಾಡಿಸ್ದೆ. ನರದ ಕಾಯಿಲೆ ಅಂತಿದ್ರು. ಹೀಗೇ ಆಡೋದು. ಇದೇ ತಾಳ. ಒಂದಿನ ಇದ್ದಕ್ಕಿದ್ದ ಹಾಗೆ ವಾಸಿ ಆಯ್ತು."

ಮಾವ ಒಳಗೆ ಬಂದು ನೆಲದ ಮೇಲೆ ಕೂತರು.

ಹದಿನಾರು ವರ್ಷದ ಹಿಂದೆ ಆ ಬಿಳಿ ಗಾಡಿ ಮೊದಲ ಸಲ ಬಂದಾಗ ತೂತು ಸವೆದದ್ದು ಅವರಿಗೂ ಸಿಕ್ಕಿತ್ತು. ಗಾಡಿಯವನಿಗೆ ಅವಸರವಿತ್ತು. ಇವರಿಗೂ ಇತ್ತು. ಡ್ಯಾಂಪರ್ ಹಾಕಿ, ಎಲ್ಲ ಸರಿಯಾಗಿದೆ ಹೋಗಿ ಅಂದರು. ಒಂಬತ್ತನೇ ದಿನ ಅವನು ಹೈವೇ ಮೇಲೆ ಸ್ಟೀರಿಂಗ್ ಕೈಗೆ ಸಿಗದೆ ಬಾಗಿಲಿಂದಾಚೆ ಬಿದ್ದು ಸತ್ತ.

"ಅವನ ತಾಯಿ ಬಂದ್ಲು. ಬೈಲಿಲ್ಲ, ಅಳ್ಲಿಲ್ಲ. ನನ್ನ ಎರಡೂ ಅಂಗೈಗೆ ಏನೋ ಬೂದಿ ಸವರಿದ್ಲು. 'ನನ್ನ ಮಗ ಕೊನೇಲಿ ಏನು ಹಿಡ್ಕೊಂಡಿದ್ನೋ ಅದನ್ನ ನೀನೂ ಹಿಡ್ಕೋ' ಅಂದ್ಲು. ಬೆಳಗ್ಗೆ ಎದ್ರೆ ಕೈ ಹೀಗೆ."

"ಆ ಗಂಟು?"

"ಮಾಟ ತೆಗಿಯೋನು ಒಬ್ಬ ಕಟ್ಟಿಸ್ದ. ನಡುಕ ಸಾಯಲ್ಲ, ಅದಕ್ಕೊಂದು ಜಾಗ ಬೇಕು ಅಂದ. ನನ್ನ ಕೂದಲು, ನನ್ನ ಉಗುರು. ಗಾಡಿಯಿಂದ ಬಂದದ್ದನ್ನ ಗಾಡಿಗೇ ಕಟ್ಟಿದೆ."

"ಆಮೇಲೆ ಆ ಗಾಡಿ ಓಡಿಸಿದೋರು?"

ಮಾವ ನೆಲ ನೋಡಿದರು. "ಒಬ್ಬಂದು ಕಾಲು ಹೋಯ್ತು. ಆಮೇಲೆ ಈ ಜೇನಮ್ಮ ತಗೊಂಡ್ಲು. ನಾನು ಪ್ರತಿ ಸಲ ಹೊಸ ಡ್ಯಾಂಪರ್ ಹಾಕ್ತಿದ್ದೆ. ನಿಧಾನವಾಗಿ ಹೋಗಮ್ಮ ಅಂತಿದ್ದೆ. ಇನ್ನೇನು ಮಾಡ್ಲಿ?"

ಅಳಿಯ ಅವರ ನೆಟ್ಟಗಿನ ಬೆರಳುಗಳನ್ನೇ ನೋಡಿದ. ಹದಿನಾರು ವರ್ಷ ಈ ಮನುಷ್ಯ ಡ್ಯಾಂಪರ್ ಹಾಕುತ್ತಲೇ ಇದ್ದ. ಮೊದಲು ಸರಳಿಗೆ. ಆಮೇಲೆ ತನ್ನ ಕೈಗೆ.

ಮಾವ ಜೇಬಿನಿಂದ ಕಪ್ಪು ದಾರದ ಉಂಡೆಯನ್ನೂ ಆಯಿಲ್ ಡಬ್ಬದಿಂದ ಹೆಕ್ಕಿ ಒರೆಸಿದ ತಾಮ್ರದ ತಗಡನ್ನೂ ತೆಗೆದು ಚಾಪೆಯ ಮೇಲಿಟ್ಟರು. "ಗಾಡಿ ಇನ್ನೂ ಇಲ್ಲೇ ಇದೆ. ಇವತ್ತು ಹೋಯ್ತು ಅಂದ್ರೆ ಹೋಯ್ತು. ಗಂಟು ಕತ್ತರಿಸಿದ್ದು ನೀವು, ನಾನು ತಗೊಳ್ತೀನಿ ಅಂದ್ರೂ ನನ್ನ ಕೈಗೆ ಬರಲ್ಲ ಅದು. ಗಾಡಿ, ಇಲ್ಲಾ ನೀವು. ನಿಮ್ಮ ಕೂದಲು ಒಂದು ಎಳೆ, ಹತ್ತು ಉಗುರು. ಐದು ನಿಮಿಷದ ಕೆಲಸ."

"ವಾಸಿ ಆಗುತ್ತಾ?" ಎಂದಳು ಹೆಂಡತಿ.

"ಕಟ್ಟಿದ ಕ್ಷಣ."

ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು, ಕಪಾಟಿನಿಂದ ಕತ್ತರಿ ತಂದಳು. ಗಂಡನ ಪಕ್ಕ ಕೂತಳು. ಅವನ ಕೂದಲೊಳಗೆ ಬೆರಳಾಡಿಸಿ, ಕಿವಿಯ ಹಿಂದಿನ ಒಂದು ಎಳೆಯನ್ನು ಬೇರ್ಪಡಿಸಿದಳು. ಅವಳ ಬೆರಳು ಬೆಚ್ಚಗಿತ್ತು. ಮಗು ಅವನ ಕಡೆಗೇ ನೋಡುತ್ತಿತ್ತು. ಅದರ ಕತ್ತಿನಲ್ಲಿ ಇವನ ಹೆಬ್ಬೆರಳಿನ ಕೆಂಪು ಗುರುತು.

ಹೊರಗೆ ಹಾರ್ನ್ ಆಯಿತು. ಕಿಟಕಿಯಿಂದ ಕಂಡಿತು: ಜೇನಮ್ಮ ಬಂದಿದ್ದಳು. ವೆಲ್ಡರ್ ಜೊತೆ ಮುರಿದ ಕನ್ನಡಿಯ ವಿಷಯ ಮಾತಾಡುತ್ತಿದ್ದಳು. ಚಿಕ್ಕವಳು ಖಾಲಿ ಪೆಟ್ಟಿಗೆಯ ಮೇಲೆ ಕೂತಿದ್ದಳು. ದೊಡ್ಡವಳು ಆಗಲೇ ಗಾಡಿ ಹತ್ತಿ ಡ್ರೈವರ್ ಸೀಟಿನಲ್ಲಿದ್ದಳು. ಸ್ಟೀರಿಂಗ್ ಅವಳ ಗಲ್ಲದಷ್ಟು ಎತ್ತರ. ಎರಡೂ ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸುತ್ತ, ಬಾಯಲ್ಲಿ ಗಾಡಿಯ ಸದ್ದು ಮಾಡುತ್ತ ಆಡುತ್ತಿದ್ದಳು. ಅವಳ ಕೈಗಳ ಮೇಲೆ ಬೇರೆ ಯಾರ ಕೈಯೂ ಇರಲಿಲ್ಲ.

"ಬೇಗ," ಅಂದರು ಮಾವ. "ಅವಳನ್ನ ಮಾತಾಡ್ಸಿ ನಿಲ್ಲಿಸ್ತೀನಿ. ನೀವು ಹಿಂದಿನಿಂದ ಗುಂಡಿಗೆ ಇಳೀರಿ."

ಕತ್ತರಿಯ ತಣ್ಣನೆಯ ಅಲಗು ಕಿವಿಗೆ ತಾಗಿತು. ಅಳಿಯ ತಲೆ ಹಿಂದಕ್ಕೆ ಎಳೆದುಕೊಂಡ. ಬಡಿದಾಡುವ ಕೈಯಿಂದಲೇ ಕತ್ತರಿಯನ್ನು ಆಚೆ ತಳ್ಳಿದ.

"ಬೇಡ. ಕತ್ತರಿ ಒಳಗಿಡು."