ಬೋಣಿ ಯಾರದು?

ಚಂದನಾ. ರತನ್‌ನ ಅಂಗಡಿಯ ಬೋರ್ಡಿನಲ್ಲಿ ಆ ಹೆಸರು ಕಂಡ ಕೂಡಲೇ ನನ್ನ ಮೈಯೆಲ್ಲ ಉರಿದುಹೋಯಿತು.

ಅಂಗಡಿ ಎಂದರೆ ನಿಜವಾದದ್ದಲ್ಲ, ಕಂಪ್ಯೂಟರಿನದು. ೨೦೧೦ರಲ್ಲಿ ನಮಗೆಲ್ಲ ‘ಹ್ಯಾಪಿ ಬಜಾರ್’ ಎಂಬ ಆನ್‌ಲೈನ್ ಆಟದ ಹುಚ್ಚು. ಹೊಡೆದಾಟ ಬಡಿದಾಟ ಇಲ್ಲ. ಒಂದು ಅಂಗಡಿ ಇಡುವುದು, ಒಬ್ಬರ ಅಂಗಡಿಗೆ ಇನ್ನೊಬ್ಬರು ಹೋಗಿ ಹರಟುವುದು, ಅಷ್ಟೇ. ಬೆಳಿಗ್ಗೆ ಬಾಗಿಲು ತೆಗೆದಾಗ ಯಾರು ಮೊದಲು ಕೊಂಡರೋ ಅವರದೇ ಬೋಣಿ, ಅವರ ಹೆಸರು ದಿನವಿಡೀ ಬೋರ್ಡಿನಲ್ಲಿ ಮಿನುಗುತ್ತದೆ.

ನಾನು ಕುಂದಾಪುರದ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ರತನ್ ಬ್ರಹ್ಮಾವರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಕಾಲೇಜಿನಲ್ಲಿ ಜೊತೆಗೆ ಓದಿದವರು ನಾವು. ಪ್ರೀತಿ ಅಂತ ಇಬ್ಬರೂ ಬಾಯಿಬಿಟ್ಟವರಲ್ಲ. ಆದರೆ ಆಟದಲ್ಲಿ ಅವನ ಚಹಾದಂಗಡಿಯ ಮೊದಲ ಚಹಾ ದಿನಾ ನನ್ನದೇ. “ಮೋಕ್ಷಿತಾ, ನಿನ್ ಬೋಣಿ ಇಲ್ದೆ ನಂಗೆ ವ್ಯಾಪಾರವೇ ಇಲ್ಲೆ ಮಾರಾಯ್ತಿ” ಎಂದು ಬರೆಯುತ್ತಿದ್ದ.

ನಾನು ಮೀನು ಮಾರುವವಳ ಮಗಳು. ಬೋಣಿ ಎಂದರೆ ನಮ್ಮ ಮನೆಯಲ್ಲಿ ತಮಾಷೆಯಲ್ಲ. ಕೈಗುಣ ಇದ್ದವರು ಬಂದು ಮೊದಲು ಕೊಳ್ಳುವವರೆಗೆ ಅಮ್ಮ ಬುಟ್ಟಿಯ ಬಂಗುಡೆಯನ್ನು ಬೇರೆಯವರಿಗೆ ಮುಟ್ಟಲೂ ಬಿಡುವವಳಲ್ಲ.

ಅಂಥ ಬೋಣಿ ಈಗ ಈ ಚಂದನಾಳ ಪಾಲು! ಮಾರನೇ ದಿನವೂ ಅವಳೇ. ಆಟದಲ್ಲಿನ ಅವಳ ಬೊಂಬೆ ಚಹಾದಂಗಡಿಯ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿತ್ತು. ನನ್ನನ್ನು ಕಂಡು ಕೈ ಬೇರೆ ಬೀಸಿತು. ಕೆಳಗೆ ಬರೆದಿದ್ದಳು: “ಭಾವ, ಚಾಕ್ಕೆ ಸಕ್ರಿ ಕಮ್ಮಿ.”

ಭಾವ! ಅಂದರೆ ಇವಳು ರತನ್‌ನ ಸೋದರಮಾವನ ಮಗಳು. ಬೇರೆ ಯಾವಳೋ ಆಗಿದ್ದರೆ ಜಗಳ ಕಾಯಬಹುದಿತ್ತು. ಮಾವನ ಮಗಳೆಂದರೆ ನಮ್ಮ ಕಡೆ ಹುಟ್ಟಿದಾಗಲೇ ಮದುವೆಯ ಹಕ್ಕು ಬಂದ ಹಾಗೆ. ನನಗಿದ್ದದ್ದೇನು, ಪರದೆಯ ಮೇಲಿನ ಒಂದು ಲೋಟ ಚಹಾ.

ಮೂರನೇ ದಿನ ತಡೆಯಲಾರದೆ ಬ್ರಹ್ಮಾವರದ ಬಸ್ಸು ಹತ್ತಿದೆ.

“ಹ್ವಾಯ್, ನೀನೆಂತ ಇಲ್ಲಿ?” ರತನ್ ಕೌಂಟರಿನ ಹಿಂದಿನಿಂದ ಎದ್ದ.

“ರೀಚಾರ್ಜ್ ಮಾಡ್ಸುಕ್ ಬಂದೆ.”

“ಕುಂದಾಪ್ರದಗೆ ಸಿಕ್ಕುದಿಲ್ಯಾ?”

“ಭಾವನ ಕೈಯಂಗೆ ಮಾಡ್ಸಿದ್ರೆ ಜಾಸ್ತಿ ದಿನ ಬತ್ತ್ ಅಂಬ್ರ್.”

ಅವನ ಕಿವಿ ಕೆಂಪಾಯಿತು. ತುಟಿಯಂಚಿನಲ್ಲಿ ನಗು ತಡೆದುಕೊಂಡ. ಅದನ್ನು ಕಂಡು ನನಗೆ ಇನ್ನಷ್ಟು ಉರಿಯಿತು.

“ನಗಾಡ್ಬೇಡ. ನಂಗೆ ಹೊಟ್ಟೆ ಉರಿತಿತ್ತ್. ಅವ್ಳನ್ನೇ ಮದಿ ಆಪುದಾರೆ ಈಗ್ಲೇ ಹೇಳ್, ನಾನ್ ಹೋತೆ.”

ಅವನ ನಗು ನಿಂತಿತು. “ಮನೆಯರೆಲ್ಲ ಹೇಳುದ್ ಅದೇ. ಅವ್ಳಿಗೂ ಅದೇ ಆಸೆ. ದಿನಾ ನಿನ್ ಹೆಸ್ರ್ ಕಂಡ್, ಇದ್ಯಾರ್ ಅಂತ ಕೇಂಡ್ಳ್. ನಾನ್ ಸುಮ್ನಿದ್ದೆ. ಅದ್ಕೇ ಹಠ ಮಾಡಿ ನಿನ್ಕಿಂತ ಮುಂಚೆ ಬಪ್ಪುದ್.”

“ಈಗ್ಲೂ ಸುಮ್ನೇ ಇದ್ಯಾ?”

ಅವನು ಕೌಂಟರಿನ ಮೇಲೆ ಎರಡೂ ಕೈಯಿಟ್ಟು ನನ್ನನ್ನೇ ನೋಡಿದ. ಯಾವಾಗಲೂ ಕಣ್ಣು ತಪ್ಪಿಸುವವನು, ಈ ಸಲ ತಪ್ಪಿಸಲಿಲ್ಲ.

“ಇಲ್ಲೆ. ನಿನ್ನೆ ರಾತ್ರಿ ಅವ್ಳಿಗೇ ಫೋನ್ ಮಾಡಿ ಹೇಳ್ದೆ. ಮೋಕ್ಷಿತಾ ಅಂದ್ರೆ ನಂಗೆ ಜೀವ, ಮದಿ ಆಪುದಾರೆ ಅವ್ಳನ್ನೇ ಅಂತ. ಚಂದನಾ ಮರ್ಕಿದ್ಳ್. ಮಾವ ಅವ್ಳ ಕೈಯಿಂದ ಫೋನ್ ತಕಂಡ್ ಇಟ್ಬಿಟ್ರ್.”

ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ವರ್ಷಗಟ್ಟಲೆ ಕಾದ ಮಾತು! ಕಣ್ಣು ತುಂಬಿ ಬಂತು, ನಗುವೂ ಬಂತು. ಅತ್ತ ಆ ಹುಡುಗಿ ಅತ್ತಳೆಂದು ಅಯ್ಯೋ ಪಾಪ ಅನ್ನಿಸಿತು. ಅನ್ನಿಸಿದ್ದು ಒಂದೇ ಗಳಿಗೆ.

“ಅಲ್ದಾ ರತನ್,” ನಾನು ಥಟ್ಟನೆ ಎದ್ದು ನಿಂತೆ. “ಇಂಥಾ ಮಾತ್ ನಂಗೆ ಹೇಳುಕ್ ಮುಂಚೆ ಅವ್ಳಿಗ್ ಹೇಳ್ದ್ಯಾ?”