ಎರಡೂ ಇರಬೇಕು

"ಕೈ ತೆಗೀರಿ!"

ಕೂಗಿದ್ದಷ್ಟೇ ಅಲ್ಲ, ಓಡಿ ಬಂದು ಅವನ ಮಣಿಕಟ್ಟನ್ನೇ ಹಿಡಿದುಬಿಟ್ಟಳು. ಇನ್ನೇನು ಗುಂಡಿ ಒತ್ತಬೇಕು ಎನ್ನುವಷ್ಟರಲ್ಲಿ ಅವನ ಬೆರಳು ಗಾಳಿಯಲ್ಲೇ ನಿಂತಿತು. ಪರದೆಯ ಮೇಲೆ 'ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ?' ಎಂಬ ಪ್ರಶ್ನೆ ಹಾಗೇ ಇತ್ತು.

"ಯಾರ್ರೀ ನೀವು? ನನ್ನ ಕಂಪ್ಯೂಟರ್ ಮುಟ್ಟೋಕೆ ಯಾರು ಹೇಳಿದ್ರು?"

"ನಿಮ್ಮ ಅಣ್ಣ... ಎಲ್ಲಾ ತೆಗೆದು ಹೊಸದು ಹಾಕಿ ಅಂದ್ರು. ಕೈ ಬಿಟ್ರೆ ಎದ್ದು ಹೋಗ್ತೀನಿ."

ತಾನಿನ್ನೂ ಅವನ ಕೈ ಹಿಡಿದೇ ಇದ್ದೇನೆಂದು ಅವಳಿಗೆ ಗೊತ್ತಾಗಿದ್ದು ಆಗಲೇ! ಬಿಸಿ ಪಾತ್ರೆ ಮುಟ್ಟಿದವಳಂತೆ ಬಿಟ್ಟಳು.

ಅವನು ಈ ಅಣ್ಣ-ತಂಗಿಯ ಹೊಲಿಗೆ ಅಂಗಡಿಯ ಎದುರು ಸಾಲಿನ ಕಂಪ್ಯೂಟರ್ ರಿಪೇರಿ ಅಂಗಡಿಯವನು. ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಕಂಪ್ಯೂಟರ್ ನಿಧಾನವಾದರೂ, ಪ್ರಿಂಟರ್ ಮುನಿಸಿಕೊಂಡರೂ, ಕೊನೆಗೆ ಮೌಸ್ ಕಳೆದುಹೋದರೂ 'ಫಾರ್ಮ್ಯಾಟ್ ಹೊಡೆದುಬಿಡೋಣ' ಎನ್ನುತ್ತಾನೆಂದು ಎಲ್ಲರೂ ಸೇರಿ ಅವನಿಗೆ ಫಾರ್ಮ್ಯಾಟ್ ರಾಯ ಎಂದು ಹೆಸರಿಟ್ಟಿದ್ದರು.

ಗಲಾಟೆ ಕೇಳಿ ಒಳಗಿನಿಂದ ಅಣ್ಣ ಬಂದ.

"ಪುಟ್ಟಿ, ಹಟ ಮಾಡಬೇಡ. ಆ ಹಳೇ ಸಿಸ್ಟಂನಲ್ಲಿ ಸ್ಕೂಲಿನವರು ಕಳಿಸಿರೋ ಬ್ಯಾಡ್ಜಿನ ಫೈಲೇ ತೆರೆಯಲ್ಲ."

"ಹೊಸ ಸಿಸ್ಟಂ ಹಾಕಿದ್ರೆ ನಮ್ಮ ಮೆಷಿನ್ನೇ ಓಡಲ್ಲ ಅಣ್ಣಾ!"

ಇಬ್ಬರ ಮಾತೂ ನಿಜವೇ. ಅಂಗಡಿಯ ಮೂಲೆಯಲ್ಲಿದ್ದ ಎಂಬ್ರಾಯ್ಡರಿ ಯಂತ್ರ ತೀರಿಹೋದ ಅಪ್ಪ ಕೊಂಡದ್ದು. ಎಲ್ಲಿ ಯಾವ ಹೊಲಿಗೆ ಹಾಕಬೇಕೆಂದು ಅದಕ್ಕೆ ಹೇಳುವ ಸಾಫ್ಟ್‌ವೇರ್ ಹಳೆಯ ಆಪರೇಟಿಂಗ್ ಸಿಸ್ಟಂನಲ್ಲಿ ಮಾತ್ರ ಓಡುತ್ತಿತ್ತು. ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು, ಮನೆಯಲ್ಲಿದ್ದ ಅದರ ಸಿ.ಡಿ. ಒಡೆದುಹೋಗಿತ್ತು. ಹಳೆಯದನ್ನು ಅಳಿಸಿದರೆ ಅಪ್ಪನ ಯಂತ್ರ ಬರೀ ಕಬ್ಬಿಣ. ಅಳಿಸದಿದ್ದರೆ ಹೊಸ ಶಾಲೆಯ ಕೆಲಸ ಕೈ ತಪ್ಪಿಹೋಗುತ್ತದೆ.

"ಶನಿವಾರದೊಳಗೆ ಆ ಬ್ಯಾಡ್ಜನ್ನ ಇದೇ ಮೆಷಿನ್ನಲ್ಲಿ ಹೊಲಿದು ತೋರಿಸು," ಎಂದ ಅಣ್ಣ. ಅವನಿಗೂ ಸಾಕಾಗಿಹೋಗಿತ್ತು. "ಆಗಲಿಲ್ಲ ಅಂದ್ರೆ ಮೆಷಿನ್ ಗುಜರಿಗೆ. ಆಮೇಲೆ ಅಳಬೇಡ."

"ಗುಜರಿ ಗಾಡಿ ಬಂದ್ರೆ ಮೊದಲು ನನ್ನ ಹತ್ತಿಸಿ ಕಳಿಸು!"

ಅಣ್ಣ ತಲೆ ಚಚ್ಚಿಕೊಂಡು ಒಳಗೆ ಹೋದ. ಅವಳು ರಿಪೇರಿಯವನ ಕಡೆ ತಿರುಗಿದಳು. ಅವನು ವೈರು ಸುತ್ತಿಕೊಂಡು ಹೊರಡಲು ಎದ್ದಿದ್ದ.

"ಒಂದೇ ಕಂಪ್ಯೂಟರಿನಲ್ಲಿ ಎರಡೂ ಇರೋಕಾಗಲ್ವಾ?"

ಅವನ ಕೈ ನಿಂತಿತು. "ಆಗುತ್ತೆ. ಡಿಸ್ಕನ್ನ ಎರಡು ಪಾಲು ಮಾಡಿ ಒಂದೊಂದರಲ್ಲಿ ಒಂದೊಂದು ಸಿಸ್ಟಂ ಹಾಕಬೇಕು. ಆನ್ ಮಾಡಿದಾಗ ಯಾವುದು ಬೇಕು ಅಂತ ಅದೇ ಕೇಳುತ್ತೆ."

"ಮತ್ತೆ ಅಳಿಸೋಕೆ ಹೊರಟಿದ್ರಲ್ಲ?"

"ಎರಡೂ ಬೇಕು ಅಂತ ಇಲ್ಲಿವರೆಗೆ ಯಾರೂ ಕೇಳೇ ಇಲ್ಲ."

"ನಾನು ಕೇಳ್ತಿದ್ದೀನಿ. ಆದ್ರೆ ಕೀಬೋರ್ಡ್ ಮುಟ್ಟೋದು ನಾನು, ನೀವು ಬರೀ ಹೇಳಿಕೊಡಿ. ನಿಮ್ಮ ಬೆರಳಿನ ಮೇಲೆ ನನಗೆ ನಂಬಿಕೆ ಇಲ್ಲ."

ಅವನು ನಕ್ಕುಬಿಟ್ಟ. "ಸರಿ. ನೀವು ಹೇಳದೆ ಮುಟ್ಟಲ್ಲ. ಮಾತು ಕೊಟ್ಟಿದ್ದೀನಿ."

*ನಗುವಾಗ ಪರವಾಗಿಲ್ಲ...* ಎಂದುಕೊಂಡವಳು ತಕ್ಷಣ ಹುಬ್ಬು ಗಂಟಿಕ್ಕಿಕೊಂಡಳು.

ಮರುದಿನದಿಂದ ಮಧ್ಯಾಹ್ನ ಗಿರಾಕಿಗಳು ಕಡಿಮೆಯಿರುವ ಹೊತ್ತಿಗೆ ಅವನು ಬರತೊಡಗಿದ. ಮೊದಲು ಅಪ್ಪನ ಡಿಸೈನುಗಳಿಗೆಲ್ಲ ಇನ್ನೊಂದು ಪ್ರತಿ ತೆಗೆಸಿದ. ಆಮೇಲೆ ಹಳೆಯದು ಹಿಡಿದಿದ್ದ ಜಾಗವನ್ನು ಕುಗ್ಗಿಸುವುದು.

"ಏನೂ ಆಗಲ್ವಲ್ಲ?" ಅವಳು ಗುಂಡಿಯ ಮೇಲಿಟ್ಟ ಬೆರಳನ್ನು ಹಿಂದಕ್ಕೆಳೆದುಕೊಂಡಳು.

"ಬೆಂಚಿನ ಮೇಲೆ ಒಬ್ಬರು ಸ್ವಲ್ಪ ಸರಿದು ಕೂತ್ರೆ ಇನ್ನೊಬ್ಬರಿಗೆ ಜಾಗ ಆಗುತ್ತಲ್ಲ, ಅಷ್ಟೇ. ಮಧ್ಯೆ ಕರೆಂಟ್ ಹೋಗಬಾರದು, ನೀವು ಹೆದರಬಾರದು."

"ನಾನಾ? ಹೆದರೋದಾ?" ಎಂದು ಗುಂಡಿ ಒತ್ತಿಯೇಬಿಟ್ಟಳು!

ಪರದೆಯ ಮೇಲಿನ ಪಟ್ಟಿ ಆಮೆಯಂತೆ ತೆವಳುತ್ತಿತ್ತು. ಸುಮ್ಮನೆ ಕೂತರೆ ಅವಳಿಗೆ ಆಗಿಬರುವುದಿಲ್ಲ. ಸ್ಕ್ರೂಡ್ರೈವರ್ ತುರುಕಿ ತುರುಕಿ ಹರಿದಿದ್ದ ಅವನ ಅಂಗಿಯ ಜೇಬು ಕಣ್ಣಿಗೆ ಬಿತ್ತು. ಸೂಜಿಗೆ ದಾರ ಪೋಣಿಸಿಕೊಂಡು ಎದುರು ನಿಂತಳು.

"ಅಲುಗಾಡಬೇಡಿ, ಚುಚ್ಚುತ್ತೆ."

"ಉಸಿರಾಡಬಹುದಾ?"

"ಮೆಲ್ಲಗೆ."

ಪಕ್ಕದಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅತ್ತಿಗೆ ತಲೆ ಎತ್ತದೆಯೇ ಕೇಳಿದಳು: "ಅಲ್ಲ ಪುಟ್ಟಿ, ಡಿಸ್ಕ್ ಪಾಲು ಮಾಡೋಕೆ ಇಷ್ಟು ಹತ್ತಿರ ನಿಲ್ಲಬೇಕಾ?"

ಅವಳ ಕೆನ್ನೆ ಕೆಂಪಾಯಿತು. ದಾರ ಗಂಟಾಯಿತು. ಅವನಂತೂ ಗೋಡೆಯ ಗಡಿಯಾರವನ್ನು ಜೀವನದಲ್ಲೇ ಮೊದಲ ಸಲ ಕಂಡವನಂತೆ ನೋಡುತ್ತ ನಿಂತ.

ಗುರುವಾರ ಸಂಜೆ ಎಲ್ಲ ಮುಗಿಯಿತು. ಕಂಪ್ಯೂಟರ್ ಹಾಕಿದರೆ ಒಂದರ ಕೆಳಗೊಂದು ಎರಡು ಹೆಸರುಗಳು! ಹಳೆಯದು, ಹೊಸದು, ಎರಡೂ! ಅವಳು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ.

"ಹತ್ತು ಸೆಕೆಂಡಿನೊಳಗೆ ಒಂದನ್ನ ಆರಿಸದಿದ್ರೆ ತಾನೇ ಹೊಸದಕ್ಕೆ ಹೋಗುತ್ತೆ," ಎಂದು ಅವನು ಆ ಹತ್ತು ಎಲ್ಲಿರುತ್ತದೆ, ಹೇಗೆ ಬದಲಿಸಬೇಕು ಎಂದು ತೋರಿಸಿದ. "ನಿಮಗೆ ಬೇಕಾದಷ್ಟು ಇಟ್ಕೊಳ್ಳಿ."

ಅವನು ಹೋದ ಮೇಲೆ ಅವಳು ಆ ಅಂಕಿಯನ್ನು ತನ್ನ ಅನುಕೂಲಕ್ಕೆ ತಿದ್ದಿ, ಕಂಪ್ಯೂಟರ್ ಆಫ್ ಮಾಡಿ, ಹಾಡು ಗುನುಗುತ್ತ ಬಾಗಿಲು ಹಾಕಿದಳು.

ಶುಕ್ರವಾರ ಬೆಳಿಗ್ಗೆ... ಎರಡು ಹೆಸರುಗಳು ಬರಲೇ ಇಲ್ಲ. ನೇರವಾಗಿ ಹೊಸ ಸಿಸ್ಟಂ ತೆರೆದುಕೊಂಡಿತು. ಆಫ್ ಮಾಡಿ ಮತ್ತೆ ಹಾಕಿದಳು. ಮತ್ತೆ ಅದೇ!

ಅಣ್ಣನನ್ನು ಕೂಗಿದಳು. "ಅಣ್ಣಾ... ಹಳೇದು ಕಾಣ್ತಿಲ್ಲ!"

"ನಿನ್ನೆ ಬೆಳಿಗ್ಗೆ ಅವನು ಸಿಕ್ಕಿದ್ದ. ಹಳೇದನ್ನ ಸದ್ದಿಲ್ಲದೆ ತೆಗೆದುಬಿಡು ಅಂದಿದ್ದೆ," ಅಣ್ಣ ಮುಖ ತಪ್ಪಿಸಿದ. "ನಿನ್ನ ಒಳ್ಳೇದಕ್ಕೇ ಕಣೇ..."

ಅವಳ ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ಅವನೇ ನಗುತ್ತ ಬಾಗಿಲಿಗೆ ಬಂದ.

"ಅಳಿಸು ಅಂತ ಅಣ್ಣ ನಿಮಗೆ ಹೇಳಿದ್ರಾ?"

"ಹೇಳಿದ್ರು, ಆದ್ರೆ ನಾನು..."

"ಸಾಕು! ಪಕ್ಕದಲ್ಲೇ ಕೂತು ಹೇಳಿಕೊಟ್ಟು, ಕೊನೆಗೆ ಹೀಗೆ ಕೈ ಕೊಟ್ರಲ್ಲ!"

ಅವನ ನಗು ಇಳಿದುಹೋಯಿತು. ಪರದೆಯ ಕಡೆ ಕೈ ಚಾಚಿದ. "ಏನಾಗಿದೆ ಅಂತ ಒಂದ್ಸಲ ನೋಡ್ತೀನಿ..."

"ಮುಟ್ಟಬೇಡಿ!"

ಕೈ ಹಿಂದಕ್ಕೆ ಹೋಯಿತು. "ಸರಿ. ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ." ಅಷ್ಟೇ ಹೇಳಿ ರಸ್ತೆ ದಾಟಿ ಹೊರಟುಹೋದ.

ಅವಳು ಯಂತ್ರಕ್ಕೆ ಹಣೆಯಾನಿಸಿ ಅತ್ತಳು. ಅಪ್ಪನ ಯಂತ್ರಕ್ಕಾಗಿ ಅಳುತ್ತಿದ್ದೇನೆ ಎಂದುಕೊಂಡಳು. ಆದರೆ ಕಣ್ಣ ಮುಂದೆ ಬರುತ್ತಿದ್ದುದು ತಾನು ಹೊಲಿದ ಆ ಜೇಬು...

ಸಾಕಾಗುವಷ್ಟು ಅತ್ತು ಸೆರಗಿನಿಂದ ಮುಖ ಒರೆಸಿಕೊಂಡಳು. *ಇನ್ನೂ ಶುಕ್ರವಾರ. ಒಂದು ಕೈ ನೋಡೇಬಿಡ್ತೀನಿ.*

ಅವನು ಕಲಿಸಿದಂತೆಯೇ ಹೊಸ ಸಿಸ್ಟಂನೊಳಗಿನಿಂದ ಡಿಸ್ಕ್ ತೆರೆದು ನೋಡಿದಳು. ಅಲ್ಲಿ ಎರಡು ಪಾಲುಗಳಿದ್ದವು! ಹಳೆಯ ಪಾಲಿನಲ್ಲಿ ಅಪ್ಪನ ಡಿಸೈನು, ಸಾಫ್ಟ್‌ವೇರ್, ಎಲ್ಲವೂ ಇಟ್ಟ ಹಾಗೇ ಇದ್ದವು. ಯಾರೂ ಏನನ್ನೂ ಅಳಿಸಿರಲಿಲ್ಲ.

*ಹಾಗಾದ್ರೆ ಅದು ಯಾಕೆ ಕೇಳ್ತಿಲ್ಲ?*

ನಿನ್ನೆ ತಾನು ತಿದ್ದಿದ ಜಾಗಕ್ಕೆ ಹೋದಳು. ಅಲ್ಲಿ ಒಂದು ಸೊನ್ನೆ ಕೂತಿತ್ತು. ಅವಳೇ ಹಾಕಿದ ಸೊನ್ನೆ! ಗಿರಾಕಿ ಬರುತ್ತಾರೆ, ಫೋನ್ ಬರುತ್ತದೆ, ಹತ್ತು ಸೆಕೆಂಡು ಎಲ್ಲಿ ಸಾಲುತ್ತದೆ? ಸೊನ್ನೆ ಹಾಕಿದರೆ ಸಮಯದ ಮಿತಿಯೇ ಇರುವುದಿಲ್ಲ, ತಾನು ಆರಿಸುವವರೆಗೂ ಕಾಯುತ್ತದೆ ಎಂದುಕೊಂಡಿದ್ದಳು. ಕಂಪ್ಯೂಟರ್ ಮಾತ್ರ ಒಂದು ಕ್ಷಣವೂ ಕಾಯುವುದು ಬೇಡ ಎಂದು ತಿಳಿದುಕೊಂಡಿತ್ತು.

"ಅಯ್ಯೋ, ನನ್ನ ಬುದ್ಧಿಗಿಷ್ಟು!"

ಮತ್ತೆ ಹತ್ತು ಹಾಕಿದಳು. ಕಂಪ್ಯೂಟರ್ ಆಫ್ ಮಾಡಿ ಹಾಕಿದಳು. ಎರಡು ಹೆಸರುಗಳು ಬಂದು ನಿಂತವು!

ಎದ್ದು ಓಡಿಹೋಗಿ ಅವನನ್ನು ಕರೆಯಬೇಕೆನಿಸಿತು. ಆದರೆ ಬರಿಗೈಯಲ್ಲಿ ಹೋಗಲು ಮನಸ್ಸು ಒಪ್ಪಲಿಲ್ಲ. ಹೊಸದರಲ್ಲಿ ಬ್ಯಾಡ್ಜಿನ ಚಿತ್ರ ತೆರೆದು ಯಂತ್ರಕ್ಕೆ ಒಗ್ಗುವಂತೆ ಉಳಿಸಿದಳು. ಹಳೆಯದಕ್ಕೆ ಬಂದು ಅದನ್ನು ಯಂತ್ರಕ್ಕೆ ಕಳಿಸಿದಳು. ಸೂಜಿ ಟಕಟಕ ಎಂದು ಓಡತೊಡಗಿತು.

ಅಣ್ಣ ಬಂದು ಬ್ಯಾಡ್ಜಿನ ಮೇಲೆ ಬೆರಳಾಡಿಸಿದ. ತಿರುಗಿಸಿ ಹಿಂಬದಿಯ ಹೊಲಿಗೆಯನ್ನೂ ನೋಡಿದ.

"ಥೇಟ್ ಅಪ್ಪನ ಕೈಕೆಲಸ," ಎಂದ ಕೊನೆಗೆ. "ನಾಳೆ ಸ್ಕೂಲಿಗೆ ನಾನೇ ತಗೊಂಡು ಹೋಗ್ತೀನಿ. ಗುಜರಿಯವನಿಗೆ ಬರಬೇಡ ಅಂತೀನಿ." ಬ್ಯಾಡ್ಜನ್ನು ಮೇಜಿನ ಮೇಲಿಟ್ಟು, "ಅಳಿಸು ಅಂದಾಗ ಅವನು ಏನಂದ ಗೊತ್ತಾ? 'ಅವರು ಹೇಳಿದ್ರೆ ಅಳಿಸ್ತೀನಿ, ನೀವು ಹೇಳಿದ್ರೆ ಇಲ್ಲ' ಅಂದ. ಆದ್ರೂ ಆಮೇಲೆ ಅಳಿಸಿರಬೇಕು ಅಂದ್ಕೊಂಡೆ."

"ಅದನ್ನ ಬೆಳಿಗ್ಗೇನೇ ಹೇಳೋಕೆ ಏನಾಗಿತ್ತು ಅಣ್ಣಾ!"

ಉತ್ತರಕ್ಕೆ ನಿಲ್ಲದೆ ರಸ್ತೆ ದಾಟಿದಳು.

ಅವನು ಬಿಚ್ಚಿಟ್ಟ ಯಾವುದೋ ಯಂತ್ರದೊಳಗೆ ತಲೆ ಹುದುಗಿಸಿ ಕೂತಿದ್ದ.

"ಸೊನ್ನೆ ಹಾಕಿದ್ದು ನಾನೇ," ಎಂದಳು ಒಂದೇ ಉಸಿರಿಗೆ. "ತಪ್ಪೆಲ್ಲ ನಂದು. ನಿಮ್ಮನ್ನ ಸುಮ್ಮಸುಮ್ಮನೆ ಬೈದೆ. ಕ್ಷಮಿಸಿ."

"ಸೊನ್ನೆನಾ? ಯಾಕೆ?"

"ನಾನು ಬರೋವರೆಗೂ ಕಾಯಲಿ ಅಂತ!"

ಅವನು ತುಟಿ ಕಚ್ಚಿ ನಗು ತಡೆದ. ತಡೆಯಲಾಗದೆ ನಕ್ಕ. "ಎಷ್ಟು ಹೊತ್ತಾದ್ರೂ ಕಾಯಬೇಕು ಅಂದ್ರೆ ಮೈನಸ್ ಒಂದು ಹಾಕಬೇಕು ರೀ."

"ಮೊದಲೇ ಹೇಳೋದಲ್ವಾ?"

"ಬಾಯಿ ತೆರೆಯೋಕೆ ಬಿಟ್ರಾ?"

ಅವಳು ತಲೆ ತಗ್ಗಿಸಿದಳು. "ನಾಳೆ ಬರ್ತೀರಾ?"

"ಕಂಪ್ಯೂಟರ್ ಸರಿಯಾಯ್ತಲ್ಲ. ಇನ್ನೇನು ಕೆಲಸ ನನಗೆ?"

ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಜಾಯಮಾನ ಅವಳದಲ್ಲ. ತಲೆ ಎತ್ತಿ ಅವನ ಕಣ್ಣನ್ನೇ ನೋಡಿದಳು.

"ಕೆಲಸ ಏನೂ ಇಲ್ಲ. ನೀವಂದ್ರೆ ನನಗೆ ಇಷ್ಟ. ಅದಕ್ಕೆ ಬನ್ನಿ."

ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಠಣ್ ಎಂದು ಬಿತ್ತು. ಎದ್ದು ನಿಂತ.

"ಉತ್ತರ... ಉತ್ತರಕ್ಕೆ ಎಷ್ಟು ಹೊತ್ತು ಕಾಯ್ತೀರಿ?"

"ಮೈನಸ್ ಒಂದು."

"ಅಷ್ಟೆಲ್ಲ ಬೇಡ," ಎಂದು ಅವನು ಮೆಲ್ಲಗೆ ಅವಳ ಮಣಿಕಟ್ಟು ಹಿಡಿದ. "ಜೇಬು ಹೊಲಿದ ದಿನದಿಂದ ಉತ್ತರ ಇಟ್ಕೊಂಡೇ ಓಡಾಡ್ತಿದ್ದೀನಿ."

ಅವಳ ಕಣ್ಣು ಮತ್ತೆ ತುಂಬಿತು. ಈ ಸಲ ಒರೆಸಿಕೊಳ್ಳಲಿಲ್ಲ.

"ಕೈ ತೆಗೀರಿ ಅನ್ನಲ್ವಾ?" ಅವನು ಕೇಳಿದ.

"ಇಲ್ಲ... ಇರಲಿ ಬಿಡಿ."