ಸಡಿಲಿಸಿದ ಹೊಲಿಗೆ

“ನಿಮ್ಮ ಹೃದಯದ ಪಂಪಿಂಗ್ ಶೇಕಡಾ ಮೂವತ್ತೈದಕ್ಕೆ ಇಳಿದಿದೆ. ಐವತ್ತೈದರ ಮೇಲಿರಬೇಕಿತ್ತು.”

ಡಾಕ್ಟರು ಹೀಗೆಂದಾಗ ಟೈಲರಮ್ಮ ಪಕ್ಕದಲ್ಲಿದ್ದ ಗಂಡನತ್ತ ತಿರುಗಿದಳು. ಬಸ್ ಓಡಿಸುವ ಅವನು ಕಾಲು ಊದಿದೆಯೆಂದು ತೋರಿಸಲು ಬಂದಿದ್ದ, ಅಷ್ಟೆ! ರಕ್ತದೊತ್ತಡ, ಮೈಯ ಭಾರ ಎರಡೂ ಸೇರಿ ಹೃದಯವನ್ನು ಸೋಲಿಸಿವೆ, ಮಾತ್ರೆಯ ಜೊತೆಗೆ ದಿನಾ ನಡೆದು ತೂಕ ಇಳಿಸಬೇಕು, ಅಲ್ಲಿಯವರೆಗೆ ಬಸ್ ಮುಟ್ಟುವಂತಿಲ್ಲ ಎಂದರು ಡಾಕ್ಟರು. ಇಷ್ಟು ದಪ್ಪಗಾಗಿದ್ದು ಬಟ್ಟೆ ಹಾಕುವಾಗಲಾದರೂ ತಿಳಿಯಲಿಲ್ಲವೇ ಎಂದೂ ಕೇಳಿದರು.

“ಇಲ್ಲ ಡಾಕ್ಟ್ರೇ, ಆರು ವರ್ಷದಿಂದ ಇದೇ ಪ್ಯಾಂಟು. ಸರಿಯಾಗೇ ಆಗುತ್ತೆ” ಎಂದ ಗಂಡ.

ಮನೆಗೆ ಬಂದವಳೇ ಟೈಲರಮ್ಮ ಗಂಡನ, ಅತ್ತೆಯ ಮುಂದೆ ಕುಳಿತು ಎಲ್ಲವನ್ನೂ ಹೇಳಿಬಿಟ್ಟಳು. ಡಿಪೋದಲ್ಲಿ ಯಾರೋ ಹೊಟ್ಟೆಯನ್ನು ಆಡಿಕೊಂಡರೆಂದು ಅವನು ಊಟ ಬಿಟ್ಟು ಮಲಗಿದ್ದ ದಿನ, ನೋಡಲಾಗದೆ, ಅವನಿಗೆ ಹೇಳದೆ ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲಿಸಿದ್ದಳು. ಆಮೇಲೆ ಅದೇ ಅಭ್ಯಾಸವಾಯಿತು. ಬಿಚ್ಚಲು ಒಳಮಡಿಕೆಯ ಬಟ್ಟೆ ಮುಗಿದಾಗ ಅದೇ ಬಣ್ಣದ ಬಟ್ಟೆ ಸೇರಿಸಿ ಹೊಲಿದಳು...

“ಸೂಜಿ ಹಿಡ್ಕೊಂಡೇ ನನ್ನ ಮಗನ ಜೀವ ತೆಗೀತಿದ್ಯಲ್ಲೇ!” ಎಂದರು ಅತ್ತೆ. ಗಂಡ ಗೋಡೆ ನೋಡುತ್ತ ಕುಳಿತ.

ಮರುದಿನದಿಂದ ನಡಿಗೆ ಶುರುವಾಯಿತು. ಮೊದಲ ವಾರ ಬೀದಿಯ ತುದಿ, ಆಮೇಲೆ ಅಂಚೆ ಕಚೇರಿ, ಆಮೇಲೆ ರೈಲು ನಿಲ್ದಾಣ. ಬೆಳಿಗ್ಗೆ ಗಂಡನ ಜೊತೆ ನಡೆದು ಬಂದರೆ, ಸಂಜೆಯವರೆಗೂ ಅತ್ತೆಯ ಚುಚ್ಚುಮಾತು. ತಪ್ಪು ತನ್ನದೇ ಎಂದು ಅವಳು ಎಲ್ಲವನ್ನೂ ನುಂಗಿಕೊಂಡಳು. ಆರು ತಿಂಗಳಲ್ಲಿ ಅವನು ಹದಿನಾರು ಕಿಲೋ ಇಳಿದ. ಮತ್ತೆ ಪರೀಕ್ಷೆ ಮಾಡಿದಾಗ ಪಂಪಿಂಗ್ ಐವತ್ತೆರಡು! ಬರೀ ಮಾತ್ರೆಯಿಂದ ಇಷ್ಟಾಗುತ್ತಿರಲಿಲ್ಲ, ನಿಮ್ಮ ನಡಿಗೆಯೂ ಹೃದಯಕ್ಕೆ ಬಲ ಕೊಟ್ಟಿದೆ ಎಂದು ಡಾಕ್ಟರು ನಕ್ಕರು.

ಆಸ್ಪತ್ರೆಯ ಹೊರಗೆ ಬಂದು ಅವಳು ಮುಖ ಮುಚ್ಚಿಕೊಂಡು ಅತ್ತಳು. ತನ್ನ ಪಾಪ ಇಂದಿಗೆ ಕಳೆಯಿತೆಂದಳು. ಅವನು ತಲೆ ತಗ್ಗಿಸಿದ.

“ಪಾಪ ನಿನ್ನದಲ್ಲ ಕಣೇ... ನೀನು ಸಡಿಲಿಸ್ತಿದ್ದಿದ್ದು ನನಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿಲ್ಲದವನ ಹಾಗಿದ್ರೆ ತಿನ್ನೋದು ಕಮ್ಮಿ ಮಾಡ್ಬೇಕಾಗಿರಲಿಲ್ಲ, ಅದಕ್ಕೇ ಸುಮ್ಮನಿದ್ದೆ. ಅಮ್ಮ ಬಯ್ಯುವಾಗ ಹೇಳೋ ಧೈರ್ಯ ಬರಲಿಲ್ಲ.”

ಅವಳು ಮುಖದಿಂದ ಕೈ ತೆಗೆದಳು. ಆರು ತಿಂಗಳು! ದಿನಾ ತಾನು ಅಷ್ಟು ಮಾತು ಕೇಳಿಸಿಕೊಂಡಾಗ ಇವನು ಪಕ್ಕದಲ್ಲೇ ಕುಳಿತಿದ್ದ! ಅವಳು ಏರುರಸ್ತೆಯಲ್ಲಿ ಬಿರಬಿರನೆ ನಡೆದುಬಿಟ್ಟಳು. ನಿಲ್ಲು ಎಂದು ಅವನು ಕೂಗಿದರೂ ತಿರುಗಲಿಲ್ಲ.

ಏರು ಮುಗಿಯುವಲ್ಲಿ ಅವನು ಓಡಿಬಂದು ಕೈ ಹಿಡಿದುಕೊಂಡ.

“ಮನೆಗೆ ಹೋದ ತಕ್ಷಣ ಅಮ್ಮನಿಗೆ ಎಲ್ಲಾ ಹೇಳ್ತೀನಿ. ನೀನು ಎದುರಿಗೇ ಇರಬೇಕು.”

ಅಷ್ಟು ಏರು ಓಡಿಬಂದವನು ಒಂದೇ ಉಸಿರಿಗೆ ಅಷ್ಟನ್ನೂ ಹೇಳಿದ್ದ! ಸ್ವಲ್ಪವೂ ಏದುಸಿರಿರಲಿಲ್ಲ. ಅವಳ ಸಿಟ್ಟು ಇಳಿದಿರಲಿಲ್ಲ. ಆದರೂ ಕೈ ಬಿಡಿಸಿಕೊಳ್ಳಲಿಲ್ಲ.